ಗಡ್ಡೆಗೆ ಬರೆದ ಮಾತ್ರೆಯನ್ನು ಮೆಡಿಕಲ್‌ನವರು ‘ಗರ್ಭಪಾತದ್ದು’ ಅಂದರು. ಮಿಫೆಪ್ರಿಸ್ಟೋನ್ ಬಗ್ಗೆ ತಿಳಿದವರು ಹೇಳಿ

ತುಂಗಭದ್ರೆ_ಹರಿಹರ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 43 ವರ್ಷ. ಮಕ್ಕಳಿಬ್ಬರೂ ಕಾಲೇಜಿಗೆ ಹೋಗುತ್ತಾರೆ. ಅಕ್ಕನಿಗೆ ಬಹಳ ದಿನದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ, ಗಂಟು ಗಂಟಾಗಿ. ಸ್ಕ್ಯಾನಿಂಗ್ ಮಾಡಿಸಿದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ ಅಂತ ಬಂತು. ದೊಡ್ಡದು 5 ಸೆಂ.ಮೀ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಮೆಟ್ಟಿಲು ಹತ್ತಿದರೆ ಏದುಸಿರು.

ದಾವಣಗೆರೆಯ ಡಾಕ್ಟರ್ ಮೇಡಂ ಮಿಫೆಪ್ರಿಸ್ಟೋನ್ 25 ಮಿ.ಗ್ರಾಂ. ದಿನಕ್ಕೊಂದರಂತೆ ಮೂರು ತಿಂಗಳಿಗೆ ಬರೆದುಕೊಟ್ಟರು. ಭಾವ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಅಂಗಡಿಯವರು ನಾಲ್ಕು ಜನರ ಮುಂದೆಯೇ ‘ಇದು ಗರ್ಭಪಾತದ ಮಾತ್ರೆ, ನಾವು ಇಡಲ್ಲ’ ಅಂದರಂತೆ. ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಭಾವ ಬಾಯಿಬಿಟ್ಟು ಏನೂ ಕೇಳುವುದಿಲ್ಲ, ಆದರೆ ಅನುಮಾನ ಮುಖದಲ್ಲೇ ಕಾಣುತ್ತದೆ. ಅಕ್ಕನ ಅತ್ತೆ ಮಾತು ಬಿಟ್ಟಿದ್ದಾರೆ. ವಾರಗಿತ್ತಿ ‘ಇದೆಲ್ಲ ಯಾಕೆ, ಗರ್ಭಕೋಶ ತೆಗೆಸಿಬಿಡು’ ಅನ್ನುತ್ತಾಳೆ. ಅಕ್ಕ ಮಾತ್ರೆಯೇ ಬೇಡ ಅಂತ ಕೂತಿದ್ದಾಳೆ.

ಗಡ್ಡೆಗೆ ಈ ಮಾತ್ರೆ ಕೊಡುವುದು ನಿಜವಾ? ಮೊಬೈಲಿನಲ್ಲಿ ನೋಡಿದರೆ ಎಲ್ಲಾ ಕಡೆ ಗರ್ಭಪಾತ ಅಂತಲೇ ಬರುತ್ತದೆ.

ಸಿಸ್ಟರ್_ದಾವಣಗೆರೆ:
ತಂಗಿ, ನಿಜ. ಕೊಡುತ್ತಾರೆ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ನಿನ್ನ ಭಾವನಿಗೂ ಓದಿ ಹೇಳುವ ಹಾಗೆ ಬರೆಯುತ್ತೇನೆ.

ಹೆಂಗಸರ ಮೈಯಲ್ಲಿ ಪ್ರೊಜೆಸ್ಟರಾನ್ ಅಂತ ಒಂದು ಹಾರ್ಮೋನ್ ಇದೆ. ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾದ ಮೇಲೆ ಅದು ಏರುತ್ತದೆ. ಗರ್ಭಕೋಶದ ಒಳಪದರವನ್ನು ಸಿದ್ಧ ಮಾಡಿ ಇಡುವುದು ಅದರ ಕೆಲಸ. ಬಸಿರು ನಿಂತರೆ ಅದನ್ನು ಉಳಿಸಿಕೊಳ್ಳುವುದೂ ಅದೇ. ಆದರೆ ಫೈಬ್ರಾಯ್ಡ್ ಗಡ್ಡೆ ಬೆಳೆಯುವುದಕ್ಕೂ ಇದೇ ಹಾರ್ಮೋನ್ ಬೇಕು. ಈಸ್ಟ್ರೋಜನ್ ಜೊತೆ ಸೇರಿ ಇದು ಗಡ್ಡೆಯನ್ನು ಬೆಳೆಸುತ್ತದೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ತಾವಾಗಿ ಕುಗ್ಗುವುದು ಅದಕ್ಕೇ.

ಹಾರ್ಮೋನ್ ಕೆಲಸ ಮಾಡಬೇಕಾದರೆ ಜೀವಕೋಶದಲ್ಲಿ ಅದಕ್ಕೊಂದು ಜಾಗ ಇರುತ್ತದೆ, ರಿಸೆಪ್ಟರ್ ಅಂತಾರೆ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಮಿಫೆಪ್ರಿಸ್ಟೋನ್ ಹಾಗೆ ಆ ಜಾಗ ಹಿಡಿದುಬಿಡುತ್ತದೆ. ಪ್ರೊಜೆಸ್ಟರಾನ್ ರಕ್ತದಲ್ಲಿ ಇದ್ದೇ ಇರುತ್ತದೆ, ಕೂರಲು ಜಾಗ ಇರುವುದಿಲ್ಲ. ಹೊಟ್ಟೆಯಲ್ಲಿ ಬಸಿರಿದ್ದರೆ ಅದು ನಿಲ್ಲುವುದಿಲ್ಲ. ಬಸಿರಿಲ್ಲದೆ ಗಡ್ಡೆ ಇದ್ದರೆ, ಗಡ್ಡೆಗೆ ಸಿಗುವ ಪೋಷಣೆ ತಪ್ಪುತ್ತದೆ, ಮುಟ್ಟು ತಗ್ಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ.

ಪ್ರಮಾಣವೂ ಬೇರೆ. ಗರ್ಭಪಾತಕ್ಕೆ 200 ಮಿ.ಗ್ರಾಂ. ಒಂದೇ ಸಲ ಕೊಟ್ಟು, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ಅನ್ನುವ ಇನ್ನೊಂದು ಮಾತ್ರೆ ಕೊಡುತ್ತಾರೆ. ಗಡ್ಡೆಗೆ 10 ಅಥವಾ 25 ಮಿ.ಗ್ರಾಂ., ದಿನಾ, ಕೆಲವು ತಿಂಗಳು. ಚೀಟಿಯಲ್ಲಿ 25 ಅಂತ ಇದೆ, ಮೂರು ತಿಂಗಳು ಅಂತ ಇದೆ. ಗರ್ಭಪಾತಕ್ಕೆ ಯಾರೂ ಹಾಗೆ ಬರೆಯುವುದಿಲ್ಲ. ನಿನ್ನ ಭಾವನಿಗೆ ಇಷ್ಟು ತೋರಿಸು ಸಾಕು.

ಮೆಡಿಕಲ್_ಸ್ಟೋರ್_ಅಣ್ಣ:
ನಾನೂ ಅಂಗಡಿ ಇಟ್ಟವನು. ಆ ಅಂಗಡಿಯವರು ಜನರ ಮುಂದೆ ಹಾಗೆ ಹೇಳಿದ್ದು ತಪ್ಪು, ತುಂಬಾ ತಪ್ಪು. ಚೀಟಿ ಓದಿದ್ದರೆ 25 ಅಂತ ಕಾಣುತ್ತಿತ್ತು. ಒಂದು ಹೆಣ್ಣುಮಗಳ ಸಂಸಾರದ ವಿಷಯ ಇದು.

ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. 200 ಮಿ.ಗ್ರಾಂ.ನ ಕಿಟ್ ಇಟ್ಟರೆ ಲೆಕ್ಕ ಕೇಳುತ್ತಾರೆ, ಚೀಟಿಯ ನಕಲು ಕೇಳುತ್ತಾರೆ. ಆ ತಲೆನೋವೇ ಬೇಡ ಅಂತ ಎಷ್ಟೋ ಅಂಗಡಿಯವರು ಆ ಹೆಸರಿನ ಯಾವುದನ್ನೂ ಇಡುವುದಿಲ್ಲ. ಹಾಗೆ ಭಯಪಟ್ಟಾಗ ಗಡ್ಡೆಯ ಮಾತ್ರೆಯೂ ಅದರ ಜೊತೆ ಹೋಗುತ್ತದೆ. ಡಾಕ್ಟರ್ ಮೇಡಂ ಇರುವ ಆಸ್ಪತ್ರೆಯ ಔಷಧಿ ಅಂಗಡಿಯಲ್ಲೇ ಕೇಳಿ, ಅಲ್ಲಿ ಇರುತ್ತದೆ. ಇಲ್ಲದಿದ್ದರೆ ದೊಡ್ಡ ಅಂಗಡಿಯವರಿಗೆ ಹೇಳಿದರೆ ತರಿಸಿಕೊಡುತ್ತಾರೆ. ಬಿಲ್ ಕೇಳಿ ಪಡೆಯಿರಿ, ಮಾತ್ರೆಯ ಸ್ಟ್ರಿಪ್ ಮೇಲೆ 25 ಮಿ.ಗ್ರಾಂ. ಅಂತ ಇದೆಯಾ ನೋಡಿಕೊಳ್ಳಿ. ‘25 ಇಲ್ಲ, 200ರದ್ದು ತುಂಡು ಮಾಡಿ ನುಂಗಿ’ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ.

ಕೋಟೆನಾಡು_ಮೇಷ್ಟ್ರು:
ನಾನು ಚಿತ್ರದುರ್ಗದವನು. ಇಷ್ಟು ಬಿಚ್ಚಿ ಮಾತಾಡುವುದು ಬೇಕಾ ಅನ್ನಿಸುತ್ತದೆ. ಈ ಮಾತ್ರೆ ಸುಲಭವಾಗಿ ಸಿಕ್ಕರೆ ಹೆಣ್ಣುಭ್ರೂಣ ತೆಗೆಸುವವರಿಗೆ ಅನುಕೂಲ ಆಗುವುದಿಲ್ಲವಾ? ನಮ್ಮ ಹಳ್ಳಿಗಳಲ್ಲಿ ಗಂಡು ಮಗುವಿನ ಆಸೆ ಇನ್ನೂ ಹೋಗಿಲ್ಲ. ನನಗೆ ಆ ಆತಂಕ ಇದೆ, ಅದಕ್ಕೇ ಕೇಳಿದೆ.

ದುರ್ಗದ_ವಕೀಲೆ:
ಮೇಷ್ಟ್ರೇ, ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಅದನ್ನು ಈ ಮಾತ್ರೆಯ ಮೇಲೆ ಹಾಕಬೇಡಿ. ಮಾತ್ರೆಯಿಂದ ಗರ್ಭಪಾತ ನಮ್ಮ ದೇಶದಲ್ಲಿ 9 ವಾರದವರೆಗೆ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 63 ದಿನದೊಳಗೆ. ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ತಿಳಿಯಬೇಕಾದರೆ ಸಾಮಾನ್ಯವಾಗಿ 12 ವಾರ ದಾಟಬೇಕು. 9 ವಾರದೊಳಗೆ ಬಂದವಳು ಲಿಂಗ ನೋಡಿ ಬಂದವಳಲ್ಲ. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಹಿಡಿಯಬೇಕಾದದ್ದು ಸ್ಕ್ಯಾನಿಂಗ್ ಮಾಡಿ ಲಿಂಗ ಹೇಳುವವರನ್ನು.

ಗರ್ಭಪಾತಕ್ಕೆ ಇರುವುದು ಬೇರೆ ಕಾಯ್ದೆ, 1971ರದ್ದು. 2021ರಲ್ಲಿ ತಿದ್ದುಪಡಿ ಆಯಿತು. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಿದರೆ 24 ವಾರದವರೆಗೆ. ಮದುವೆಯಾಗದವರಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. 18 ತುಂಬಿದ ಹೆಂಗಸಿನ ಒಪ್ಪಿಗೆ ಸಾಕು. ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಕೆಲವು ಕಡೆ ಸುಮ್ನೆ ಕೇಳುತ್ತಾರೆ, ಹೆಂಗಸರು ಹೆದರಿ ವಾಪಸ್ ಹೋಗುತ್ತಾರೆ, ವಾರ ಮೀರುತ್ತದೆ. ನನ್ನ ಬಳಿ ಬಂದು ಅತ್ತವರಿದ್ದಾರೆ.

ಇನ್ನೊಂದು ವಿಷಯ. ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರವನ್ನು ಡಾಕ್ಟರ್ ಬಹಿರಂಗ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಗುಟ್ಟು ಕಾಪಾಡುವುದಕ್ಕೆ ಕಾನೂನು ಅಷ್ಟು ಬೆಲೆ ಕೊಟ್ಟಿದೆ. ಮೆಡಿಕಲ್ ಶಾಪಿನ ಕೌಂಟರಿನಲ್ಲೂ ಆ ಮರ್ಯಾದೆ ಸಿಗಬೇಕು ಅಲ್ವಾ?

ಕೋಟೆನಾಡು_ಮೇಷ್ಟ್ರು:
63 ದಿನ ಮತ್ತು 12 ವಾರದ ಲೆಕ್ಕ ನನಗೆ ಗೊತ್ತಿರಲಿಲ್ಲ ಮೇಡಂ. ತಿಳಿಸಿದ್ದಕ್ಕೆ ಧನ್ಯವಾದ. ಶಾಲೆಯಲ್ಲಿ ಪೋಷಕರ ಸಭೆಗೆ ಬರುವ ತಾಯಂದಿರಿಗೆ ಇದನ್ನು ಆಶಾ ಕಾರ್ಯಕರ್ತೆಯರಿಂದ ಹೇಳಿಸುವುದಕ್ಕೆ ಆಗುತ್ತದಾ ನೋಡುತ್ತೇನೆ.

ಹೊಳಲ್ಕೆರೆ_ಸೊಸೆ:
ನಾನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಅಕ್ಕನ ವಿಷಯ ಓದಿ ಬರೆಯುತ್ತಿದ್ದೇನೆ. ನನಗೆ ಮಗು ಬೇಕಿತ್ತು. ಎರಡೂವರೆ ತಿಂಗಳಿಗೆ ಸ್ಕ್ಯಾನಿಂಗ್ ಮಾಡಿದಾಗ ಮಗುವಿನ ಹೃದಯ ಬಡಿತ ಇರಲಿಲ್ಲ. ರಕ್ತ ಹೋಗಿರಲಿಲ್ಲ, ನೋವೂ ಇರಲಿಲ್ಲ. ಒಳಗೇ ನಿಂತುಹೋಗಿತ್ತು. ಡಾಕ್ಟರ್ ಮೊದಲು ಮಿಫೆಪ್ರಿಸ್ಟೋನ್, ಆಮೇಲೆ ಮಿಸೊಪ್ರೊಸ್ಟಾಲ್ ಕೊಟ್ಟರು. ಕ್ಲೀನಿಂಗ್ ಮಾಡಿಸುವ ಪ್ರಸಂಗ ಬರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೋ ಮಾತ್ರೆಯ ಹೆಸರು ಹುಡುಕಿ, ನಾನೇ ಮಗು ತೆಗೆಸಿಕೊಂಡೆ ಅಂತ ಸುದ್ದಿ ಮಾಡಿದರು. ಮಗು ಕಳೆದುಕೊಂಡ ನೋವಿಗಿಂತ ಅದು ಜಾಸ್ತಿ ಸುಟ್ಟಿತು.

ಈಗ ಮತ್ತೆ ಬಸಿರಾಗುವುದಕ್ಕೆ ಭಯ. ಆ ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ಲ ಅಂತಾರೆ. ಹೌದಾ ಸಿಸ್ಟರ್?

ಸಿಸ್ಟರ್_ದಾವಣಗೆರೆ:
ಇಲ್ಲಮ್ಮ. ಅದು ಸುಳ್ಳು. ಮಾತ್ರೆಯ ಪರಿಣಾಮ ಮುಗಿದ ಮೇಲೆ ಅಂಡಾಶಯ ಮತ್ತೆ ಕೆಲಸ ಶುರು ಮಾಡುತ್ತದೆ. ಎಷ್ಟು ಬೇಗ ಅಂದರೆ, ಎರಡು ವಾರದೊಳಗೆ ಮೊಟ್ಟೆ ಬಿಡುಗಡೆ ಆಗಬಹುದು. ಅದಕ್ಕೇ ತಕ್ಷಣ ಮಗು ಬೇಡ ಅನ್ನುವವರು ಕೂಡಲೇ ಗರ್ಭನಿರೋಧಕ ಶುರು ಮಾಡಬೇಕು ಅಂತ ಹೇಳುವುದು.

ನಿನಗೆ ಡಾಕ್ಟರ್ ಮಾಡಿದ್ದು ಒಳ್ಳೆಯ ಕೆಲಸ. ಮೊದಲೆಲ್ಲ ಇಂಥ ಸಂದರ್ಭದಲ್ಲಿ ಮಿಸೊಪ್ರೊಸ್ಟಾಲ್ ಒಂದೇ ಕೊಡುತ್ತಿದ್ದರು. ಕೆಲವರಿಗೆ ಪೂರ್ತಿ ಹೋಗದೆ ಕ್ಲೀನಿಂಗ್ ಮಾಡಬೇಕಾಗುತ್ತಿತ್ತು. 2018ರಲ್ಲಿ ಅಮೆರಿಕದಲ್ಲಿ 300 ಹೆಂಗಸರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಪ್ರಕಟವಾಯಿತು. ಎರಡೂ ಮಾತ್ರೆ ಕೊಟ್ಟವರಲ್ಲಿ ಸುಮಾರು 84% ಮಂದಿಗೆ ಮೊದಲ ಸುತ್ತಿನಲ್ಲೇ ಪೂರ್ತಿ ಆಯಿತು. ಒಂದೇ ಕೊಟ್ಟವರಲ್ಲಿ 67%. ನಿಂತುಹೋದ ಬಸಿರನ್ನು ಹೊರಗೆ ತರುವುದು ಚಿಕಿತ್ಸೆ. ನೀನು ಏನೂ ತೆಗೆಸಿಕೊಂಡಿಲ್ಲ. ನಿನ್ನ ಸ್ಕ್ಯಾನಿಂಗ್ ರಿಪೋರ್ಟ್ ಜೋಪಾನವಾಗಿ ಇಟ್ಟುಕೋ. ಮಾತಾಡಿದವರಿಗೆ ತೋರಿಸುವುದಕ್ಕಲ್ಲ, ಮುಂದಿನ ಬಸಿರಿನಲ್ಲಿ ಡಾಕ್ಟರಿಗೆ ಬೇಕಾಗುತ್ತದೆ.

ತಿಂಗಳು ತುಂಬುವ ಮುಂಚೆ ಹೊಟ್ಟೆಯಲ್ಲೇ ಮಗು ತೀರಿಕೊಂಡರೂ ಹೆರಿಗೆ ಮಾಡಿಸಲು ಇದೇ ಮಾತ್ರೆಯನ್ನು ಮೊದಲು ಕೊಡುವುದಿದೆ. ಗರ್ಭಕೋಶದ ಬಾಯಿ ಮೆತ್ತಗಾಗುತ್ತದೆ, ತಾಯಿ ನರಳುವ ಹೊತ್ತು ಕಡಿಮೆಯಾಗುತ್ತದೆ. ಅಂಥ ತಾಯಂದಿರ ಪಕ್ಕದಲ್ಲಿ ನಾನು ಕೂತಿದ್ದೇನೆ. ಈ ಮಾತ್ರೆಗೆ ಕೆಟ್ಟ ಹೆಸರು ಹಚ್ಚುವವರು ಅವರನ್ನು ನೋಡಿಲ್ಲ.

ಬೆಣ್ಣೆನಗರಿ_22:
ಒಂದು ಪ್ರಶ್ನೆ. ದುಗ್ಗಮ್ಮನ ಜಾತ್ರೆಗೆ ಮುಟ್ಟು ಮುಂದೂಡಲು ನಮ್ಮ ಮನೆಯಲ್ಲಿ ಮಾತ್ರೆ ತಗೋತಾರೆ. ಅದೂ ಇದೇನಾ? ಮತ್ತೆ ಕೂಡಿದ ಮೇಲೆ ಬಸಿರು ನಿಲ್ಲದ ಹಾಗೆ 72 ಗಂಟೆಯೊಳಗೆ ತಗೊಳ್ಳುವ ಮಾತ್ರೆ?

ಮೆಡಿಕಲ್_ಸ್ಟೋರ್_ಅಣ್ಣ:
ಎರಡೂ ಇದಲ್ಲ. ಮುಟ್ಟು ಮುಂದೂಡುವುದು ನಾರ್ಎಥಿಸ್ಟರಾನ್. ಅದು ಪ್ರೊಜೆಸ್ಟರಾನ್ ಥರವೇ ಕೆಲಸ ಮಾಡುತ್ತದೆ, ಒಳಪದರ ಕಳಚದ ಹಾಗೆ ಹಿಡಿದಿಡುತ್ತದೆ. ಮಿಫೆಪ್ರಿಸ್ಟೋನ್ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ನಾರ್ಎಥಿಸ್ಟರಾನ್ ಕೂಡ ಡಾಕ್ಟರನ್ನು ಕೇಳದೆ ತಗೋಬಾರದು.

72 ಗಂಟೆಯದ್ದು ಲೆವೊನೋರ್ಗೆಸ್ಟ್ರೆಲ್ 1.5 ಮಿ.ಗ್ರಾಂ. ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಅದು ಮೊಟ್ಟೆ ಬಿಡುಗಡೆಯಾಗುವುದನ್ನು ತಡೆಯುತ್ತದೆ, ಆಗಲೇ ನಿಂತ ಬಸಿರನ್ನು ತೆಗೆಯುವುದಿಲ್ಲ. ಪ್ರೊಜೆಸ್ಟರಾನ್ ತಡೆಯುವ ಗುಂಪಿನಲ್ಲೂ ಇಂಥದ್ದೊಂದಿದೆ, ಯೂಲಿಪ್ರಿಸ್ಟಲ್ ಅಂತ. ಅದನ್ನು 30 ಮಿ.ಗ್ರಾಂ. ಪ್ರಮಾಣದಲ್ಲಿ 5 ದಿನದವರೆಗೂ ತಗೋಬಹುದು. ಯುರೋಪಿನಲ್ಲಿ 2009ರಿಂದ, ಅಮೆರಿಕದಲ್ಲಿ 2010ರಿಂದ ಒಪ್ಪಿಗೆ ಇದೆ.

ಚಳ್ಳಕೆರೆ_ಶೇಂಗಾ:
ಯೂಲಿಪ್ರಿಸ್ಟಲ್ ಅಂದಿರಿ. ನನ್ನ ಹೆಂಡತಿಗೂ ಗಡ್ಡೆ ಇದೆ. ಆ ಮಾತ್ರೆಯಿಂದ ಲಿವರ್ ಹಾಳಾಗುತ್ತದೆ ಅಂತ ಓದಿದೆ. ಹಾಗಿದ್ದರೆ ಮಿಫೆಪ್ರಿಸ್ಟೋನ್ ಕೂಡ ಅಪಾಯ ತಾನೇ? ಡಾಕ್ಟರ್‌ಗಳು ಇದನ್ನು ಹೇಳುವುದಿಲ್ಲ.

ಸಿಸ್ಟರ್_ದಾವಣಗೆರೆ:
ತಮ್ಮಾ, ನೀನು ಓದಿದ್ದು ಸರಿ. ಗಡ್ಡೆಗೆ ಯೂಲಿಪ್ರಿಸ್ಟಲ್ 5 ಮಿ.ಗ್ರಾಂ. ದಿನಾ ಕೊಡುವುದಕ್ಕೆ ಯುರೋಪಿನಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಕೆಲವರ ಲಿವರ್ ತೀವ್ರವಾಗಿ ಕೆಟ್ಟು, ಲಿವರ್ ಕಸಿ ಮಾಡಬೇಕಾದ ಪ್ರಕರಣಗಳು ಬಂದವು. 2018ರಲ್ಲಿ ನಿರ್ಬಂಧ ಹಾಕಿದರು, 2020ರಲ್ಲಿ ತಡೆಹಿಡಿದರು, ಆಮೇಲೆ ಆಪರೇಷನ್ ಮಾಡಿಸಲು ಆಗದವರಿಗೆ ಅಥವಾ ಅದರಿಂದ ಗುಣವಾಗದವರಿಗೆ ಮಾತ್ರ ಅಂತ ಮಾಡಿದರು. ತುರ್ತಿಗೆ ಒಂದೇ ಸಲ ತಗೊಳ್ಳುವ 30 ಮಿ.ಗ್ರಾಂ.ಗೆ ಆ ನಿರ್ಬಂಧ ಇಲ್ಲ.

ಮಿಫೆಪ್ರಿಸ್ಟೋನ್ ಬೇರೆ ಔಷಧಿ. ಆದರೂ ತಿಂಗಳುಗಟ್ಟಲೆ ತಗೊಳ್ಳುವಾಗ ಲಿವರ್ ಪರೀಕ್ಷೆ ಮಾಡಿಸುತ್ತಾರೆ, ಮಾಡಿಸಬೇಕು. ಮೈ ಬಿಸಿಯಾಗುವುದು, ತಲೆನೋವು, ವಾಕರಿಕೆ ಕೆಲವರಿಗೆ ಬರುತ್ತದೆ. ಗರ್ಭಕೋಶದ ಒಳಪದರ ದಪ್ಪಗಾಗಬಹುದು. ಇದೊಂದು ಮುಖ್ಯ: ಮಾತ್ರೆ ತಗೊಳ್ಳುವಾಗ ಯಾವುದೋ ಕಾರಣಕ್ಕೆ ಒಳಪದರದ ತುಣುಕನ್ನು ಪರೀಕ್ಷೆಗೆ ಕಳಿಸಿದರೆ, ಈ ಮಾತ್ರೆ ನಡೆಯುತ್ತಿದೆ ಅಂತ ಚೀಟಿಯಲ್ಲಿ ಬರೆಸಲೇಬೇಕು. ಈ ಔಷಧಿಯಿಂದ ಒಳಪದರದಲ್ಲಿ ಆಗುವ ಬದಲಾವಣೆಯನ್ನು ನೋಡಿ, ಗೊತ್ತಿಲ್ಲದಿದ್ದರೆ ಬೇರೆ ಕಾಯಿಲೆ ಅಂತ ಓದಿಬಿಡುವ ಸಾಧ್ಯತೆ ಇದೆ.

ಗಡ್ಡೆ ಪೂರ್ತಿ ಕರಗುತ್ತದೆ ಅಂತ ಆಸೆ ಹುಟ್ಟಿಸಿಕೊಳ್ಳಬೇಡಿ. ರಕ್ತ ಹೋಗುವುದು ತಗ್ಗುತ್ತದೆ, ಅದು ಚೆನ್ನಾಗಿ ಕಂಡಿರುವ ಲಾಭ. ಗಾತ್ರ ಎಷ್ಟು ಕುಗ್ಗುತ್ತದೆ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಮಾತ್ರೆ ಬಿಟ್ಟ ಮೇಲೆ ಮುಟ್ಟು ವಾಪಸ್ ಬರುತ್ತದೆ, ಗಡ್ಡೆ ಮತ್ತೆ ಬೆಳೆಯಲೂಬಹುದು.

ತುಂಗಭದ್ರೆ_ಹರಿಹರ:
ಹಾಗಿದ್ದರೆ ವಾರಗಿತ್ತಿ ಹೇಳಿದ ಹಾಗೆ ಗರ್ಭಕೋಶ ತೆಗೆಸುವುದೇ ಸರಿನಾ? ಮತ್ತೆ ಮತ್ತೆ ಬರುವುದಾದರೆ ಮಾತ್ರೆ ಯಾಕೆ?

ಸಿಸ್ಟರ್_ದಾವಣಗೆರೆ:
ನಿನ್ನ ಅಕ್ಕನ ಹಿಮೋಗ್ಲೋಬಿನ್ 8. ಮುಟ್ಟು ನಿಂತರೆ ಆ ಮೂರು ತಿಂಗಳಲ್ಲಿ ರಕ್ತ ಏರುತ್ತದೆ. ಆಮೇಲೆ ಆಪರೇಷನ್ ಬೇಕಾದರೂ ಗಟ್ಟಿಯಾದ ಮೈಯಲ್ಲಿ ಮಾಡಿಸಿಕೊಳ್ಳಬಹುದು, ಬಾಟಲಿ ರಕ್ತ ಹಾಕಿಸುವ ಪ್ರಸಂಗ ತಪ್ಪಬಹುದು. ಇನ್ನು ಕೆಲವರು ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರ ಇದ್ದರೆ, ಹೀಗೇ ದಾಟಿಕೊಂಡು ಹೋಗುತ್ತಾರೆ. ಗಡ್ಡೆ ಎಲ್ಲಿದೆ, ಒಳಗೆ ಚಾಚಿಕೊಂಡಿದೆಯಾ, ಗೋಡೆಯಲ್ಲಿದೆಯಾ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಗಡ್ಡೆ ಮಾತ್ರ ತೆಗೆಯಬಹುದು, ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ (ಕಾಪರ್-ಟಿ ಥರದ್ದು) ಹಾಕಬಹುದು, ರಕ್ತ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ.

ಗರ್ಭಕೋಶ ತೆಗೆಸುವುದು ದೊಡ್ಡ ಆಪರೇಷನ್. ಅದು ಬೇಕಾದವರಿಗೆ ಬೇಕೇ ಬೇಕು. ಆದರೆ ನಮ್ಮ ಕಡೆ ಮಕ್ಕಳಾದ ಮೇಲೆ ಅದು ಬೇಡದ ವಸ್ತು ಅನ್ನುವ ಹಾಗೆ ಮಾತಾಡುತ್ತಾರೆ, ನನಗೆ ಸಂಕಟವಾಗುತ್ತದೆ. ಬೇರೆ ದಾರಿಗಳನ್ನೆಲ್ಲ ನೋಡಿ ಕೊನೆಗೆ ಅದಕ್ಕೆ ಬರಬೇಕು.

ಒಂದು ಕೇಳು: 40 ದಾಟಿದವರಿಗೆ ಹೀಗೆ ಜಾಸ್ತಿ ರಕ್ತ ಹೋದರೆ ಒಳಪದರ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರ್ ಮೇಡಂ ಅವರನ್ನು ಕೇಳಿ. ಗಡ್ಡೆ ಇದೆ ಅಂತ ಅದರ ಮೇಲೇ ಎಲ್ಲಾ ಹಾಕುವಂತಿಲ್ಲ, ಕ್ಯಾನ್ಸರ್ ಇಲ್ಲ ಅಂತ ಖಚಿತ ಆಗಬೇಕು. ಮಾತ್ರೆ ಶುರು ಮಾಡುವ ಮುಂಚೆ ಬಸಿರಿಲ್ಲ ಅಂತಲೂ ನೋಡುತ್ತಾರೆ. ಅಸ್ತಮಾಕ್ಕೋ ಸಂಧಿವಾತಕ್ಕೋ ದಿನಾ ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಮಿಫೆಪ್ರಿಸ್ಟೋನ್ ಸ್ಟೀರಾಯ್ಡಿನ ಕೆಲಸವನ್ನೂ ತಡೆಯುತ್ತದೆ. 1980ರಲ್ಲಿ ಫ್ರಾನ್ಸಿನ ರೂಸೆಲ್ ಯೂಕ್ಲಾಫ್ ಕಂಪನಿಯಲ್ಲಿ ಇದನ್ನು ತಯಾರಿಸಿದಾಗ ಅವರು ಹುಡುಕುತ್ತಿದ್ದದ್ದೇ ಅಂಥ ಔಷಧಿ. ಮೈಯೇ ಸ್ಟೀರಾಯ್ಡ್ ಥರದ ಹಾರ್ಮೋನನ್ನು ಅತಿಯಾಗಿ ಮಾಡುವ ಕುಶಿಂಗ್ ಕಾಯಿಲೆಯಿಂದ ಸಕ್ಕರೆ ಏರಿದವರಿಗೆ 2012ರಿಂದ ಅಮೆರಿಕದಲ್ಲಿ ಇದನ್ನು ಕೊಡುತ್ತಾರೆ. ಟಿಬಿ ಮಾತ್ರೆ, ಫಿಟ್ಸ್ ಮಾತ್ರೆ ನಡೆಯುತ್ತಿದ್ದರೂ ಹೇಳಬೇಕು, ಅವು ಇದರ ಬಲ ತಗ್ಗಿಸಬಹುದು.

ಜಗಳೂರು_ಆಶಾ:
ನಾನು ಆಶಾ ಕಾರ್ಯಕರ್ತೆ. ನನ್ನ ಕಡೆ ಇನ್ನೊಂದು ಥರದ ಕಷ್ಟ. ಹೆಂಗಸರು ನಾಚಿಕೆಗೆ ಆಸ್ಪತ್ರೆಗೆ ಬರುವುದಿಲ್ಲ. ಯಾರೋ ತಂದುಕೊಟ್ಟ ಕಿಟ್ ನುಂಗಿಬಿಡುತ್ತಾರೆ. ಸ್ಕ್ಯಾನಿಂಗ್ ಇಲ್ಲ. ಎಷ್ಟು ವಾರ ಅಂತಲೂ ಗೊತ್ತಿಲ್ಲ. ಅವರಿಗೆ ಹೇಳಲು ಸುಲಭವಾಗಿ ಬರೆದುಕೊಡಿ ಸಿಸ್ಟರ್.

ಸಿಸ್ಟರ್_ದಾವಣಗೆರೆ:
ಒಳ್ಳೆಯದು ಕೇಳಿದೆ ತಾಯಿ. ನಾನು ವಾರ್ಡಿನಲ್ಲಿ ಕಂಡ ಒಂದು ಕೇಸ್ ಹೇಳುತ್ತೇನೆ. ಮಾತ್ರೆ ನುಂಗಿದ್ದಳು, ಸ್ವಲ್ಪ ರಕ್ತವೂ ಹೋಯಿತು. ಆಯಿತು ಅಂತ ಗದ್ದೆ ಕೆಲಸಕ್ಕೆ ಹೋದಳು. ಬಸಿರು ಇದ್ದದ್ದು ಗರ್ಭಕೋಶದಲ್ಲಲ್ಲ, ಪಕ್ಕದ ಅಂಡನಾಳದಲ್ಲಿ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿ ತಂದರು. ಆಪರೇಷನ್ ಮಾಡಿ ಉಳಿಸಿಕೊಂಡರು. ನಾಳದ ಬಸಿರಿಗೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಅದು ಹೊರಗಿನಿಂದ ತಿಳಿಯುವುದೂ ಇಲ್ಲ, ಸ್ಕ್ಯಾನಿಂಗಿನಲ್ಲೇ ತಿಳಿಯಬೇಕು. ಮೊದಲು ಸಿಸೇರಿಯನ್ ಆದವರಿಗೆ ಹಳೆಯ ಹೊಲಿಗೆಯ ಜಾಗದಲ್ಲೇ ಬಸಿರು ಕೂತಿದೆಯಾ ಅಂತಲೂ ಅದರಲ್ಲೇ ನೋಡುತ್ತಾರೆ.

ಸರಿಯಾಗಿ ನೋಡಿ ಕೊಟ್ಟರೆ ಇದು ಸುರಕ್ಷಿತ. 9 ವಾರದೊಳಗೆ 100ರಲ್ಲಿ 95ಕ್ಕಿಂತ ಜಾಸ್ತಿ ಮಂದಿಗೆ ಪೂರ್ತಿ ಆಗುತ್ತದೆ. ನಮ್ಮ ದೇಶದಲ್ಲಿ 2002ರಿಂದ ಒಪ್ಪಿಗೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಎರಡನೇ ಮಾತ್ರೆ ಆದ ಮೇಲೆ ಹೊಟ್ಟೆ ಹಿಂಡುತ್ತದೆ, ಮುಟ್ಟಿಗಿಂತ ಜಾಸ್ತಿ ರಕ್ತ ಹೋಗುತ್ತದೆ, ಆಮೇಲೆ ಒಂದೆರಡು ವಾರ ಸ್ವಲ್ಪ ಸ್ವಲ್ಪ ಕಾಣಿಸುತ್ತದೆ. ಅದು ಸಹಜ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ಸಹಜ ಅಲ್ಲ. ತಲೆಸುತ್ತು, ಚಳಿಜ್ವರ ಬಿಡದೆ ಇರುವುದು, ವಾಸನೆಯ ಸ್ರಾವ, ಒಂದೇ ಪಕ್ಕದಲ್ಲಿ ತಡೆಯಲಾಗದ ನೋವು, ಹೆಗಲಲ್ಲಿ ನೋವು ಇದ್ದರೆ 108ಕ್ಕೆ ಫೋನ್ ಮಾಡಿಸು. ರಕ್ತವೇ ಹೋಗದಿದ್ದರೂ ಬರಬೇಕು. ಎರಡು ವಾರಕ್ಕೆ ಮತ್ತೆ ತೋರಿಸಿಕೊಳ್ಳುವುದನ್ನು ತಪ್ಪಿಸಬಾರದು.

ಬಂದವರು ಏನು ನುಂಗಿದ್ದಾರೆ ಅಂತ ನಿಜ ಹೇಳಲಿ. ಬೈಯುವವರು ಸಿಗಬಹುದು, ಆದರೂ ಹೇಳಲಿ. ಗೊತ್ತಿದ್ದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಜಗಳೂರು_ಆಶಾ:
ರಕ್ತ ತುಂಬಾ ಕಡಿಮೆ ಇರುವವರು? ನಮ್ಮ ಕಡೆ 7, 8 ಇರುವವರೇ ಜಾಸ್ತಿ.

ಸಿಸ್ಟರ್_ದಾವಣಗೆರೆ:
ಅಂಥವರಿಗೆ ಮನೆಯಲ್ಲಿ ನುಂಗುವ ಮಾತೇ ಬೇಡ. ಅವರಿಗೆ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆಯುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬಾ, ಅಲ್ಲಿ ಇಟ್ಟುಕೊಂಡು ಮಾಡುತ್ತಾರೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮೊದಲೇ ಹೇಳಿಸು. ವಂಕಿ ಹಾಕಿಸಿಕೊಂಡಿದ್ದರೂ ಬಸಿರಾಗಿದ್ದರೆ, ವಂಕಿ ತೆಗೆಸಿಯೇ ಮಾತ್ರೆ.

ತುಂಗಭದ್ರೆ_ಹರಿಹರ:
ಭಾವನಿಗೆ ಸಿಸ್ಟರ್ ಬರೆದದ್ದನ್ನು ಓದಿಸಿದೆ. ಚೀಟಿಯಲ್ಲಿ 25 ಅಂತ ಇರುವುದನ್ನು ಅವರೇ ತೆಗೆದು ನೋಡಿದರು. ಮುಂದಿನ ಸಲ ಡಾಕ್ಟರ್ ಹತ್ತಿರ ತಾವೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಅತ್ತೆಗೆ ಹೇಗೆ ಹೇಳುವುದೋ ಗೊತ್ತಿಲ್ಲ. ಒಂದು ಸಣ್ಣ ಪ್ರಶ್ನೆ, ಕಬ್ಬಿಣದ ಮಾತ್ರೆ ತಗೊಂಡರೆ ಅಕ್ಕನಿಗೆ ಹೊಟ್ಟೆ ತೊಳಸುತ್ತದೆ, ಕಪ್ಪಗೆ ಹೋಗುತ್ತದೆ ಅಂತ ಬಿಟ್ಟಿದ್ದಾಳೆ.

ಸಿಸ್ಟರ್_ದಾವಣಗೆರೆ:
ಕಪ್ಪಗೆ ಹೋಗುವುದು ಕಬ್ಬಿಣದಿಂದಲೇ, ಹೆದರಬೇಡಿ. ಟೀ, ಕಾಫಿ, ಹಾಲಿನ ಜೊತೆ ತಗೊಂಡರೆ ಮೈಗೆ ಹತ್ತುವುದಿಲ್ಲ. ಅವಕ್ಕೂ ಮಾತ್ರೆಗೂ ಒಂದೆರಡು ಗಂಟೆ ಬಿಡಲಿ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಖಾಲಿ ಹೊಟ್ಟೆಗೆ ತೊಳಸಿದರೆ ಊಟ ಮಾಡಿ ತಗೊಳ್ಳಲಿ. ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಅದನ್ನು ಬೇರೆ ಹೊತ್ತಿಗೆ. ಅಷ್ಟಾದರೂ ಆಗಿಬರದಿದ್ದರೆ ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ, ಮೇಡಂ ಹತ್ತಿರ ಕೇಳಿ. ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತೆ ಮಾಡಿಸಿ ಇಲ್ಲಿ ಬರೆ. ಅತ್ತೆಯವರಿಗೆ ನಾನೇ ಫೋನಿನಲ್ಲಿ ಮಾತಾಡಬೇಕಾದರೆ ಹೇಳು, ಮಾತಾಡುತ್ತೇನೆ.